ಗಾಳಿಗೆ ನಲವತ್ತೆರಡು ಸಾವಿರ

"ಗಾಳಿಗೂ ದುಡ್ಡು ಕೊಡ್ಬೇಕೇನ್ರೀ?"

ಭಾನುವಾರ ಬೆಳಗ್ಗೆ ಕಾಫಿ ಕುಡಿಯುತ್ತಾ ಹೆಂಡತಿ ಕೇಳಿದ ಪ್ರಶ್ನೆ ಇದು. ನನ್ನ ಫೋನಿನಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರ ವಾಟ್ಸಾಪ್ ಮೆಸೇಜ್ ತೆರೆದಿತ್ತು. ಕಪ್ಪು ಕಾರ್ಬನ್ ಫೈಬರ್ ಡಬ್ಬ, ಒಳಗೆ ಕೆಂಪು ಬಣ್ಣದ ಕೋನ್ ಫಿಲ್ಟರ್, ತೋಳಿನಷ್ಟು ದಪ್ಪದ ಸಿಲಿಕಾನ್ ಪೈಪು. ಕೆಳಗೆ ರೇಟು: ಫಿಟಿಂಗ್ ಸೇರಿ 42,000 ರೂಪಾಯಿ. ಕಾರಿನ ಎಂಜಿನ್ ಗಾಳಿ ಎಳೆದುಕೊಳ್ಳೋ ದಾರಿಯನ್ನೇ ಬದಲಾಯಿಸೋ ಕಿಟ್ ಅದು. ಕಾರ್ ಹುಚ್ಚಿನವರ ಭಾಷೆಯಲ್ಲಿ 'ಇಂಟೇಕ್'.

ನನ್ನದು ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ, 1.8 ಲೀಟರ್ ಟರ್ಬೊ ಪೆಟ್ರೋಲ್, 180 ಅಶ್ವಶಕ್ತಿ. ಮದುವೆ ಮನೆ ಮುಂದೆ ನಿಲ್ಲಿಸಿದ್ರೆ ಯಾರೋ ಮೇಷ್ಟ್ರ ಕಾರು ಅಂದ್ಕೋಬೇಕು, ಅಷ್ಟು ಸಾಧು. ಆಕ್ಸಿಲರೇಟರ್ ಒತ್ತಿದವನಿಗೆ ಮಾತ್ರ ಗೊತ್ತು ಒಳಗೆ ಏನಿದೆ ಅಂತ. ಆ ವರ್ಷ ಬೋನಸ್ ಬಂದಿತ್ತು. ಕಾರಿನ ಲೋನ್ ಮುಗಿದಿತ್ತು. ಕೈಯಲ್ಲಿ ದುಡ್ಡು, ತಲೆಯಲ್ಲಿ ಯೂಟ್ಯೂಬ್. ಇನ್ನೇನು ಬೇಕು?

ನಮ್ಮ ವಾರದ ಓಡಾಟ ಒಂದು ತ್ರಿಕೋನ. ಮನೆ ತುಮಕೂರಿನಲ್ಲಿ, ಕೆಲಸ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ. ನಮ್ಮೂರು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಹೆಂಡತಿಯ ತವರು ಕುಣಿಗಲ್. ಒಂದು ವಾರ ಆ ಕಡೆ, ಒಂದು ವಾರ ಈ ಕಡೆ. ಈ ತ್ರಿಕೋನದಲ್ಲಿ ಓಡಾಡುತ್ತಲೇ ನಾನು 42 ಸಾವಿರದ ಪ್ರಶ್ನೆಗೆ ಉತ್ತರ ಹುಡುಕಿದೆ. ಸಿಕ್ಕ ಉತ್ತರ ನಾನು ಹುಡುಕಿದ್ದಕ್ಕಿಂತ ಹಳೆಯದಾಗಿತ್ತು. ಆ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಲೆಕ್ಕ.

ಹತ್ತು ಟ್ಯಾಂಕ್ ಗಾಳಿ

ಎಂಜಿನ್ ಕುಡಿಯೋದು ಪೆಟ್ರೋಲ್ ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ನಿಜವಾಗಿ ನೋಡಿದ್ರೆ ಅದು ಕುಡಿಯೋದು ಗಾಳಿ, ನಂಚಿಕೊಳ್ಳೋಕೆ ಒಂದಿಷ್ಟು ಪೆಟ್ರೋಲ್. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕೆ.ಜಿ. ಗಾಳಿ ಬೇಕು. ಲೀಟರ್ ಲೆಕ್ಕಕ್ಕೆ ತಂದರೆ, ಒಂದು ಲೀಟರ್ ಪೆಟ್ರೋಲಿಗೆ ನಮ್ಮ ಎತ್ತರದ ಊರಲ್ಲಿ ಹತ್ತಿರ ಹತ್ತಿರ 10,000 ಲೀಟರ್ ಗಾಳಿ. ಮನೆ ಮೇಲಿರೋ ಸಾವಿರ ಲೀಟರಿನ ನೀರಿನ ಟ್ಯಾಂಕ್ ಇದೆಯಲ್ಲ, ಅಂಥವು ಹತ್ತು. ಹೆಬ್ಬೂರು ದಾರಿಯಲ್ಲಿ ಕುಣಿಗಲ್‌ಗೆ ಹೋಗಿ ಸೇರೋ ಹೊತ್ತಿಗೆ ಕಾರು ಮೂರು ಲೀಟರ್ ಸುಟ್ಟಿದ್ರೆ, ಮೂವತ್ತು ಟ್ಯಾಂಕ್ ಗಾಳಿ ಒಳಗೆ ಹೋಗಿ ಹೊರಗೆ ಬಂದಿರುತ್ತೆ.

ಇಷ್ಟೂ ಗಾಳಿ ಹೋಗೋದು ಒಂದೇ ಒಂದು ಕಾಗದದ ಫಿಲ್ಟರ್ ಮೂಲಕ. ಗಾತ್ರ ನಮ್ಮ ಶಾಲೆ ನೋಟ್‌ಬುಕ್ಕಿನಷ್ಟು. ಅಂಗಡಿಯವರ ವಾದ ಇಲ್ಲಿಂದಲೇ ಶುರು: "ಸಾರ್, ಕಂಪನಿ ಫಿಲ್ಟರ್ ಅಂದ್ರೆ ಮೂಗಿಗೆ ಕರ್ಚೀಫ್ ಕಟ್ಕೊಂಡು ಓಡ್ದಂಗೆ. ಅದನ್ನ ತೆಗೀರಿ, ಗಾಡಿ ಉಸಿರಾಡ್ಲಿ."

ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ?

ಅಂಗಡಿಯಲ್ಲಿ ಸಿಗೋದು ನಾಲ್ಕು ಬಗೆ

ಒಂದನೆಯದು ಪ್ಯಾನಲ್ ಫಿಲ್ಟರ್. ಕಂಪನಿ ಡಬ್ಬ ಹಾಗೇ ಇರುತ್ತೆ, ಒಳಗಿನ ಕಾಗದದ ಬದಲು ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರ್ ಇಡ್ತೀವಿ. ತೊಳೆದು ಮತ್ತೆ ಬಳಸಬಹುದು. 1969ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕೆ ಆಂಡ್ ಎನ್ ಇದರಲ್ಲಿ ಹಳೆಯ ಹೆಸರು. ಇಟಲಿಯ ಬಿಎಂಸಿ ಇನ್ನೊಂದು.

ಎರಡನೆಯದು ಓಪನ್ ಕೋನ್. ಡಬ್ಬವನ್ನೇ ಕಿತ್ತು ಬಿಸಾಕಿ, ಪೈಪಿನ ತುದಿಗೆ ಅಣಬೆ ಥರದ ಫಿಲ್ಟರ್ ಸಿಕ್ಕಿಸೋದು. ಶಬ್ದ ಜೋರು. ಟರ್ಬೊ ಗಾಳಿ ಎಳೆದು ಬಿಡೋ 'ಉಸ್ಸ್' ಸ್ಪಷ್ಟವಾಗಿ ಕೇಳುತ್ತೆ.

ಮೂರನೆಯದು ಕೋಲ್ಡ್ ಏರ್ ಇಂಟೇಕ್. ಫಿಲ್ಟರನ್ನು ಎಂಜಿನ್ ಬಿಸಿಯಿಂದ ದೂರ, ಬಂಪರ್ ಹಿಂದೆ ಕೆಳಗೆ ಇಳಿಸೋದು. ತಣ್ಣನೆ ಗಾಳಿ ಸಿಗುತ್ತೆ, ನಿಜ. ಆದರೆ ಮಳೆಗಾಲದಲ್ಲಿ ರೈಲ್ವೆ ಅಂಡರ್‌ಪಾಸ್‌ನಲ್ಲಿ ಮೊಣಕಾಲುದ್ದ ನೀರು ನಿಂತಿದ್ದಾಗ ಇದನ್ನು ನೆನಪಿಸ್ಕೊಳ್ಳಿ. ಗಾಳಿಯನ್ನು ಒತ್ತಿ ಹಿಂಡಬಹುದು, ನೀರನ್ನು ಹಿಂಡೋಕಾಗಲ್ಲ. ಸಿಲಿಂಡರಿಗೆ ನೀರು ಹೋದ್ರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಅಲ್ಲಿಗೆ ಎಂಜಿನ್ ಕಥೆ ಮುಗೀತು.

ನಾಲ್ಕನೆಯದು ನನ್ನ ಕಣ್ಣು ಬಿದ್ದಿದ್ದ ಮುಚ್ಚಿದ ಡಬ್ಬದ ಇಂಟೇಕ್. ಕೋನ್ ಫಿಲ್ಟರ್ ಇರುತ್ತೆ, ಸುತ್ತ ಡಬ್ಬವೂ ಇರುತ್ತೆ. ಬಿಸಿ ಗಾಳಿ ಒಳಗೆ ಬರಲ್ಲ. ಇರೋದರಲ್ಲಿ ಸಭ್ಯ, ಬೆಲೆ ಮಾತ್ರ ಸಭ್ಯವಲ್ಲ.

ಒಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಇವತ್ತಿನ ಬಹುತೇಕ ಕಾರುಗಳಲ್ಲಿ ಕಂಪನಿಯವರು ಕೊಟ್ಟಿರೋ ಗಾಳಿಯ ಬಾಯಿ ಮುಂದಿನ ಗ್ರಿಲ್ ಹಿಂದೆಯೇ ಇರುತ್ತೆ. ಅಂದ್ರೆ ಅದೂ ತಣ್ಣನೆ ಗಾಳಿಯನ್ನೇ ಎಳೆಯೋದು. ಬಾನೆಟ್ ತೆಗೆದು ನೋಡಿ, ನಿಮಗೇ ಕಾಣುತ್ತೆ.

ಟೌನ್‌ಹಾಲ್ ಸರ್ಕಲ್‌ನಲ್ಲಿ 58 ಡಿಗ್ರಿ

ನಮ್ಮ ಆಫೀಸಿನ ಹುಡುಗನೊಬ್ಬ ಇದೇ ಮಾಡೆಲ್ ಕಾರಿಗೆ ಓಪನ್ ಕೋನ್ ಹಾಕಿಸಿದ್ದ. ಒಂದು ಸಂಜೆ ಅವನ ಪಕ್ಕ ಕೂತೆ. ಓಬಿಡಿ ಪೋರ್ಟ್‌ಗೆ ಸಣ್ಣ ಬ್ಲೂಟೂತ್ ಡಾಂಗಲ್ ಸಿಕ್ಕಿಸಿ, ಫೋನಿನಲ್ಲಿ ಎಂಜಿನ್ ಒಳಗೆ ಹೋಗ್ತಿರೋ ಗಾಳಿಯ ತಾಪಮಾನ ನೋಡ್ತಾ ಹೋದ್ವಿ. ಹೊರಗೆ 33 ಡಿಗ್ರಿ. ಹೈವೇಯಲ್ಲಿ ಓಡ್ತಿದ್ದಾಗ ಒಳಗಿನ ಗಾಳಿ 40ರ ಆಸುಪಾಸು. ಟೌನ್‌ಹಾಲ್ ಸರ್ಕಲ್‌ನ ಟ್ರಾಫಿಕ್‌ನಲ್ಲಿ ನಿಂತೆವು ನೋಡಿ, 45, 50, 58.

ಗಾಳಿ ಬಿಸಿಯಾದ ಹಾಗೆ ತೆಳುವಾಗುತ್ತೆ. 33 ಡಿಗ್ರಿಯಿಂದ 58ಕ್ಕೆ ಹೋದರೆ ಅದರ ಸಾಂದ್ರತೆ ಶೇ. 7ರಿಂದ 8ರಷ್ಟು ಕಮ್ಮಿ. ಕರ್ಚೀಫ್ ಬಿಚ್ಚಿದ್ದೇನೋ ಸರಿ. ಆದರೆ ಮೂಗನ್ನು ಒಲೆ ಮೇಲೆ ಇಟ್ಟಂಗಾಯ್ತು. ಓಡೋಕೆ ಶುರು ಮಾಡಿದ್ಮೇಲೆ ತಾಪ ಇಳಿಯುತ್ತೆ, ಅದನ್ನೂ ಹೇಳಬೇಕು. ಆದರೆ ಸಿಗ್ನಲ್ ಬಿಟ್ಟ ತಕ್ಷಣ ಮುಂದೆ ನುಗ್ಗಬೇಕು ಅಂತಲೇ ಅಲ್ವಾ ನಾವು ಇದೆಲ್ಲ ಹಾಕಿಸೋದು?

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೌಂಡ್ ಚೆನ್ನಾಗಿದೆ ಅಲ್ವಾ ಸಾರ್?" ಅಂದ. ಚೆನ್ನಾಗಿತ್ತು. ಸುಳ್ಳು ಹೇಳಲ್ಲ.

ಗಾರೆ ಕೆಲಸದ ಪೈಪು

ಮುಂದಿನ ವಾರ ಕುಣಿಗಲ್. ಮಾವನ ಮನೆ ಪಡಸಾಲೆಯಲ್ಲಿ ಇದೇ ಮಾತು ಬಂತು. ಮಾವನಿಗೆ ಕಾರಿನ ಬಗ್ಗೆ ಆಸಕ್ತಿ ಇಲ್ಲ. ಆದರೆ ಟಿಪ್ಪು ಕಾಲದಿಂದ ಬಂದ ಕುದುರೆ ಫಾರಂ ಇರೋ ಊರಿನವರು, ಕುದುರೆ ಬಗ್ಗೆ ಒಂದು ಮಾತು ಇರಲೇಬೇಕು. "ಕುದುರೆ ಬಾಯಲ್ಲಿ ಉಸಿರಾಡಲ್ಲ ಅಳಿಯಂದ್ರೇ, ಮೂಗಲ್ಲೇ ಎಲ್ಲ. ಹಂಗಂತ ಮೂಗಿನ ಹೊಳ್ಳೆ ದೊಡ್ಡದು ಮಾಡಿದ್ರೆ ಕತ್ತೆ ರೇಸ್ ಗೆಲ್ಲುತ್ತಾ? ಒಳಗೆ ಶ್ವಾಸಕೋಶ ಎಷ್ಟಿದೆಯೋ ಅಷ್ಟೇ."

ನಗು ಬಂತು. ಆದರೆ ಮಾತು ಸರಿಯಾಗೇ ಇತ್ತು. ಈಗಿನ ಟರ್ಬೊ ಕಾರುಗಳಲ್ಲಿ ಎಷ್ಟು ಬಲ ಹೊರಡಿಸಬೇಕು ಅನ್ನೋದನ್ನು ಇಸಿಯು ಎಂಬ ಕಂಪ್ಯೂಟರ್ ತೀರ್ಮಾನ ಮಾಡುತ್ತೆ. ಗಾಳಿಯ ದಾರಿ ಸ್ವಲ್ಪ ಬಿಗಿಯಿದ್ರೆ ಟರ್ಬೊ ಸ್ವಲ್ಪ ಜಾಸ್ತಿ ತಿರುಗಿ ಸರಿದೂಗಿಸುತ್ತೆ. ದಾರಿ ಸಲೀಸಾದ್ರೆ ಸ್ವಲ್ಪ ಕಮ್ಮಿ ತಿರುಗುತ್ತೆ. ಕಂಪ್ಯೂಟರಿನ ಗುರಿ ಬದಲಾಗದೆ ಬರೀ ಫಿಲ್ಟರ್ ಬದಲಾಯಿಸಿದ್ರೆ ಹೆಚ್ಚಿನ ಕುದುರೆ ಎಲ್ಲಿಂದ ಬರಬೇಕು?

ಆದರೂ ನಾನು ಕ್ವಾಲಿಟಿ ವಿಭಾಗದವನು. ಅಳೆಯದೆ ನಂಬೋದು ನಮ್ಮ ಜಾಯಮಾನ ಅಲ್ಲ. ತುಮಕೂರಿನ ನಮ್ಮ ಮೆಕ್ಯಾನಿಕ್ ಭಾಯ್ ಹತ್ರ ಹೋಗಿ, "ಫಿಲ್ಟರ್ ಎಷ್ಟು ಅಡ್ಡ ಬರ್ತಿದೆ ಅಂತ ಅಳೀಬಹುದಾ?" ಅಂದೆ. ಭಾಯ್ ಎದುರಿಗೆ ಕಟ್ತಿದ್ದ ಮನೆ ಕಡೆ ಕೈ ತೋರಿಸಿ, "ಅಲ್ಲಿ ಗಾರೆಯವ್ರು ಲೆವೆಲ್ ನೋಡೋ ಪೈಪ್ ಇದೆಯಲ್ಲ, ಅದೇ ಸಾಕು" ಅಂದರು.

ಅದೇ ಪಾರದರ್ಶಕ ಪ್ಲಾಸ್ಟಿಕ್ ಪೈಪು. ಯು ಆಕಾರದಲ್ಲಿ ಬಗ್ಗಿಸಿ ಹಲಗೆಗೆ ಕಟ್ಟಿ ಅರ್ಧ ನೀರು ತುಂಬಿಸಬೇಕು. ಒಂದು ತುದಿ ಫಿಲ್ಟರ್ ದಾಟಿದ ಕಡೆಗೆ, ಇನ್ನೊಂದು ತುದಿ ಹೊರಗಿನ ಗಾಳಿಗೆ. ಎಂಜಿನ್ ಎಷ್ಟು ಕಷ್ಟಪಟ್ಟು ಎಳೆಯುತ್ತೋ ನೀರು ಒಂದು ಕಡೆ ಅಷ್ಟು ಮೇಲೇರುತ್ತೆ. ನನ್ನ ಡಬ್ಬಕ್ಕೆ ತೂತು ಹೊಡೆಯೋ ಬದಲು ಭಾಯ್ ಗುಜರಿಯಿಂದ ಹಳೇ ಏರ್‌ಬಾಕ್ಸ್ ಮುಚ್ಚಳ ತಂದು ಅದಕ್ಕೆ ಪೈಪು ಕೂರಿಸಿದರು. ನೀರು ಕಾಣಲ್ಲ ಅಂತ ಹೆಂಡತಿ ಅದಕ್ಕೆ ಚಿಟಿಕೆ ಕುಂಕುಮ ಹಾಕಿದಳು.

ಭಾನುವಾರ ಬೆಳಗಿನ ಜಾವ, ಖಾಲಿ ರಸ್ತೆ. ನಾನು ಸ್ಟಿಯರಿಂಗ್ ಹಿಂದೆ, ಭಾಯ್ ಪಕ್ಕದಲ್ಲಿ ಹಲಗೆ ಹಿಡಿದು. ಎರಡನೇ ಗೇರ್, ಪೂರ್ತಿ ಆಕ್ಸಿಲರೇಟರ್, 90 ದಾಟದ ಹಾಗೆ. ಒಂದೊಂದು ಫಿಲ್ಟರಿಗೂ ಮೂರು ಸಲ. ಬಂದ ಲೆಕ್ಕ ಇಷ್ಟು:

ಕಾರಲ್ಲಿದ್ದ ಹಳೇ ಕೊಳಕು ಕಾಗದದ ಫಿಲ್ಟರ್: 26 ಸೆಂ.ಮೀ.
ಹೊಸ ಕಾಗದದ ಫಿಲ್ಟರ್: 14 ಸೆಂ.ಮೀ.
ಸ್ನೇಹಿತನಿಂದ ಸಾಲ ತಂದ ಹತ್ತಿಬಟ್ಟೆಯ ಪ್ಯಾನಲ್ ಫಿಲ್ಟರ್: 12 ಸೆಂ.ಮೀ.

ಈ ಅಂಕಿಗಳ ಅರ್ಥ ಏನು? ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾತಾವರಣದ ಒತ್ತಡವನ್ನು ಇದೇ ನೀರಿನ ಪೈಪಿನ ಲೆಕ್ಕದಲ್ಲಿ ಹೇಳಿದ್ರೆ ಸುಮಾರು 935 ಸೆಂ.ಮೀ. ಹೊಸ ಕಾಗದಕ್ಕೂ ದುಬಾರಿ ಹತ್ತಿಗೂ ಇರೋ ವ್ಯತ್ಯಾಸ 2 ಸೆಂ.ಮೀ. ಅಂದ್ರೆ 935ರಲ್ಲಿ 2, ಶೇ. 0.2. ಇಷ್ಟೂ ಉಳಿತಾಯ ಬಲವಾಗಿ ಬದಲಾಗುತ್ತೆ ಅಂತ ಉದಾರವಾಗಿ ಒಪ್ಪಿಕೊಂಡರೂ 180 ಕುದುರೆಗಳಿಗೆ ಸೇರೋದು ಅರ್ಧ ಕುದುರೆಗಿಂತ ಕಮ್ಮಿ.

ಈಗ ಇನ್ನೊಂದು ಅಂಕಿ ನೋಡಿ. ಕೊಳಕು ಫಿಲ್ಟರಿನಿಂದ ಹೊಸ ಕಾಗದದ ಫಿಲ್ಟರಿಗೆ 12 ಸೆಂ.ಮೀ. ಆರು ಪಟ್ಟು ಲಾಭ. ಅದೂ ಸಾವಿರ ಚಿಲ್ಲರೆ ರೂಪಾಯಿಗೆ.

ಭಾಯ್ ಹಲಗೆ ಕೆಳಗಿಟ್ಟು ನಕ್ಕರು. "ಸಾರ್, ನಿಮ್ ಗಾಡಿಗೆ ಬೇಕಾಗಿದ್ದು ಸ್ಪೋರ್ಟ್ಸ್ ಫಿಲ್ಟರ್ ಅಲ್ಲ. ಸರ್ವಿಸು."

ಬಿಳಿ ಬಟ್ಟೆ

ಆಮೇಲೆ ಭಾಯ್ ಇನ್ನೊಂದು ಕೆಲಸ ಮಾಡಿದರು. ಓಪನ್ ಕೋನ್ ಹಾಕಿಸಿದ್ದ ಆ ಹುಡುಗನ ಕಾರು ಕರೆಸಿ, ಫಿಲ್ಟರಿನ ಆಚೆ ಬದಿಯ ಪೈಪು ಬಿಚ್ಚಿ, ಬಿಳಿ ಕಾಟನ್ ಬಟ್ಟೆಯಿಂದ ಒಳಗಡೆ ಒರೆಸಿದರು. ಬಟ್ಟೆ ಮೇಲೆ ತೆಳ್ಳಗೆ ಕೆಮ್ಮಣ್ಣಿನ ಬಣ್ಣ ಬಂತು. ನನ್ನ ಕಾರಿನಲ್ಲಿ ಅದೇ ಜಾಗ ಒರೆಸಿದಾಗ ಬಟ್ಟೆ ಬಿಳಿಯಾಗೇ ಇತ್ತು.

ಫಿಲ್ಟರಿಗೆ ಎರಡು ಕೆಲಸ: ಗಾಳಿ ಬಿಡೋದು, ಧೂಳು ತಡೆಯೋದು. ಒಂದನ್ನು ಸಲೀಸು ಮಾಡಿದ್ರೆ ಇನ್ನೊಂದು ಸಡಿಲ ಆಗೋ ಸಾಧ್ಯತೆ ಯಾವಾಗಲೂ ಇದ್ದೇ ಇರುತ್ತೆ. ಜಾಹೀರಾತಿನಲ್ಲಿ ಶೇ. 99, ಶೇ. 97 ಅಂತ ಓದಿದಾಗ ಎರಡೂ ಒಂದೇ ಥರ ಕೇಳುತ್ತೆ. ಉಲ್ಟಾ ಓದಿ. 99 ಅಂದ್ರೆ ನೂರರಲ್ಲಿ ಒಂದು ಪಾಲು ಧೂಳು ಒಳಗೆ. 97 ಅಂದ್ರೆ ಮೂರು ಪಾಲು. ಮೂರು ಪಟ್ಟು ಧೂಳು!

ನಮ್ಮ ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತೆ. ಗಡಸುತನದ ಅಳತೆಯಲ್ಲಿ ಅದಕ್ಕೆ 7. ಗಾಜನ್ನು ಗೀಚುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಪಿಸ್ಟನ್ ಮತ್ತು ಸಿಲಿಂಡರ್ ಗೋಡೆಯ ನಡುವಿನ ಎಣ್ಣೆಯಲ್ಲಿ ಸೇರಿ ಅರ ಹಾಕಿದಂತೆ ಉಜ್ಜುತ್ತವೆ. ಟರ್ಬೊದ ಸಣ್ಣ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತೆ. ಆ ವೇಗದಲ್ಲಿ ಮರಳಿನ ಕಣವೂ ಸುಮ್ಮನೆ ಹೋಗಲ್ಲ.

ಜನವರಿಯಲ್ಲಿ ಗುಬ್ಬಿ ಕಡೆ ಹಳ್ಳಿ ರಸ್ತೆಯಲ್ಲಿ ಹೋಗಿದ್ದೀರಾ? ಟಾರ್ ರಸ್ತೆಯೇ ಕಣ. ಉದ್ದಕ್ಕೂ ರಾಗಿ ಹುಲ್ಲು, ಹುರುಳಿ ಹರಡಿರ್ತಾರೆ. ಮುಂದೆ ಹೋಗೋ ಗಾಡಿ ಎಬ್ಬಿಸಿದ ಹೊಟ್ಟು, ಧೂಳು ನಮ್ಮ ಗ್ರಿಲ್ಲಿಗೆ. ಇದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತು. ಮಣ್ಣು ನೆಲದ ಮೇಲೆ ಇಳಿಯೋ ಹೆಲಿಕಾಪ್ಟರ್‌ಗಳಿಗೂ ಇದೇ ತಲೆನೋವು. ರೆಕ್ಕೆ ಎಬ್ಬಿಸಿದ ಧೂಳನ್ನು ಅದರ ಎಂಜಿನ್ನೇ ನುಂಗಬಾರದಲ್ಲ? ಅದಕ್ಕೆ ಗಾಳಿಯನ್ನು ಸುಳಿಯಂತೆ ತಿರುಗಿಸಿ ಧೂಳನ್ನು ಅಂಚಿಗೆ ಎಸೆಯೋ ಸಾಧನವನ್ನು ಎಂಜಿನ್ನಿನ ಬಾಯಿಗೆ ಕೂರಿಸ್ತಾರೆ. ಅದೇ ಉಪಾಯ ನಮ್ಮೂರಿನ ಹಳೇ ಟ್ರಾಕ್ಟರಿನ ತಲೆ ಮೇಲಿನ ಬಟ್ಟಲಲ್ಲೂ ಇತ್ತು.

ಟ್ರಾಕ್ಟರ್ ಅಂದಾಗ ನನಗೆ ಮಾತು ನಿಲ್ಲುತ್ತೆ. ಯಾಕೆ ಅಂತ ಈಗ ಹೇಳ್ತೀನಿ.

ದೊಡ್ಡಪ್ಪನ ಟ್ರಾಕ್ಟರ್

ಆ ಜನವರಿಯಲ್ಲಿ ಊರಿಗೆ ಹೋದಾಗ ದೊಡ್ಡಪ್ಪ ಜಗಲಿ ಮೇಲೆ ಕೂತಿದ್ದರು. ನನ್ನ ಫೋನಿನಲ್ಲಿ ಆ ಕಾರ್ಬನ್ ಡಬ್ಬದ ಫೋಟೊ ನೋಡಿ ಕೇಳಿದರು.

"ಏನ್ಲಾ ಅದು?"

"ಕಾರಿಗೆ ಗಾಳಿ ಚೆನ್ನಾಗಿ ಹೋಗ್ಲಿ ಅಂತ ದೊಡ್ಡಪ್ಪ."

"ಗಾಳಿ ಓಗೋದು ದೊಡ್ಡದಲ್ಲ ಕಣ್ಲಾ. ಗಾಳಿ ಜತೆ ಇನ್ನೇನ್ ಓಯ್ತದೆ ನೋಡ್ಬೇಕು."

ಇದನ್ನು ಹೇಳೋ ಹಕ್ಕು ಅವರಿಗಿತ್ತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ದೊಡ್ಡಪ್ಪನ ಟ್ರಾಕ್ಟರೇ ಊರಿನ ಒಕ್ಕಣೆ ಯಂತ್ರ. ಕಣದಲ್ಲಿ ಹರಡಿದ ರಾಗಿ ಮೇಲೆ ಸುತ್ತು ಹೊಡೆದರೆ ಗಂಟೆ ಲೆಕ್ಕದಲ್ಲಿ ಬಾಡಿಗೆ. ವರ್ಷದ ಸಂಪಾದನೆಯ ದೊಡ್ಡ ಪಾಲು ಆ ಒಂದೂವರೆ ತಿಂಗಳಲ್ಲೇ. ಅದರ ಏರ್ ಕ್ಲೀನರ್ ಎಣ್ಣೆಯದು. ಕೆಳಗಿನ ಬಟ್ಟಲಲ್ಲಿ ಎಣ್ಣೆ ಇರುತ್ತೆ, ಒಳಗೆ ಬರೋ ಗಾಳಿ ಎಣ್ಣೆಗೆ ತಾಗಿ ಮೇಲೇಳುವಾಗ ಧೂಳನ್ನು ಅಲ್ಲೇ ಬಿಡುತ್ತೆ. ಒಕ್ಕಣೆ ಕಾಲದಲ್ಲಿ ದಿನಾ ಆ ಬಟ್ಟಲು ಬಿಚ್ಚಿ, ಕೆಸರು ತೆಗೆದು, ಡೀಸೆಲ್‌ನಲ್ಲಿ ತೊಳೆದು, ಗುರುತಿನವರೆಗೆ ಎಣ್ಣೆ ಹಾಕಬೇಕು. ಆ ಕೆಲಸ ನನ್ನದು. ಅದರಷ್ಟು ದೊಡ್ಡ ಹುದ್ದೆ ನನಗೆ ಆಮೇಲೆ ಸಿಕ್ಕಿಲ್ಲ.

ಒಂದು ದಿನ ಬಟ್ಟಲಿನ ಜತೆಗೆ ಕ್ಲೀನರಿನಿಂದ ಎಂಜಿನ್ನಿಗೆ ಹೋಗೋ ರಬ್ಬರ್ ಪೈಪನ್ನೂ ಬಿಚ್ಚಿ ಒರೆಸಿದೆ. ಯಾರೂ ಹೇಳಿರಲಿಲ್ಲ, ಉತ್ಸಾಹ. ವಾಪಸ್ ಹಾಕುವಾಗ ಊಟಕ್ಕೆ ಕರೆದರು. ಕ್ಲಿಪ್ಪಿನ ಸ್ಕ್ರೂ ಬಿಗಿ ಮಾಡೋದು ಮರೆತೆ. ಪೈಪು ನೋಡೋಕೆ ಸರಿಯಾಗೇ ಕೂತಿತ್ತು.

ಹದಿನೈದು ದಿನ ಒಕ್ಕಣೆ ನಡೆಯಿತು. ಆ ಸಂದಿಯಿಂದ ಧೂಳು ಕ್ಲೀನರಿನ ಹಂಗಿಲ್ಲದೆ ನೇರ ಎಂಜಿನ್ನಿಗೆ ಹೋಯಿತು. ಮೊದಲು ನೀಲಿ ಹೊಗೆ. ಆಮೇಲೆ ಎಂಜಿನ್ ಆಯಿಲ್ ಕಮ್ಮಿಯಾಗೋಕೆ ಶುರು. ಕೊನೆಗೆ ಬೆಳಗ್ಗೆ ಸ್ಟಾರ್ಟೇ ಆಗಲಿಲ್ಲ. ಲೈನರು, ಪಿಸ್ಟನ್ನು ಎಲ್ಲ ಹೊಸದು ಹಾಕಬೇಕಾಯ್ತು. ಒಕ್ಕಣೆ ಬೇರೆ ಊರಿನ ಟ್ರಾಕ್ಟರಿಗೆ ಹೋಯಿತು. ಡೇರಿಗೆ ಹಾಲು ಹಾಕ್ತಿದ್ದ ಎರಡು ಸೀಮೆಹಸುಗಳನ್ನು ದೊಡ್ಡಪ್ಪ ಮಾರಿದರು. ಕೊಟ್ಟಿಗೆಯಲ್ಲಿ ಖಾಲಿ ಗೂಟ ನೋಡಿದಾಗ ನನಗೆ ಗೊತ್ತಾಗಿತ್ತು. ಯಾರಿಗೂ ಹೇಳಲಿಲ್ಲ. ದೊಡ್ಡಮ್ಮ "ಯಾರ ಕಣ್ಣು ಬಿತ್ತೋ" ಅಂದಾಗಲೂ ತಲೆ ತಗ್ಗಿಸಿ ಕೂತಿದ್ದೆ.

ಇಷ್ಟು ವರ್ಷ ಆದಮೇಲೆ, ಜಗಲಿ ಮೇಲೆ, ಬಾಯಿಗೆ ಬಂತು.

"ದೊಡ್ಡಪ್ಪ, ಆವತ್ತು ಆ ಪೈಪಿನ ಕ್ಲಿಪ್ಪು..."

"ಗೊತ್ತು ಕಣ್ಲಾ."

"ಯಾವಾಗಿಂದ?"

"ಆವತ್ತಿಂದಾನೇ. ಮೆಕ್ಯಾನಿಕ್ಕು ಸ್ಪ್ಯಾನರ್ ಇಡಂಗೇ ಇರ್ಲಿಲ್ಲ, ಪೈಪು ಕೈಯಾಗೇ ಬಂತು. ಅದುನ್ನ ಬಿಚ್ಚೋನು ನಿನ್ ಬಿಟ್ರೆ ಇನ್ಯಾರಿದ್ರು?"

"ಮತ್ತೆ ಯಾಕೆ ಒಂದು ಮಾತೂ ಬೈಲಿಲ್ಲ?"

ದೊಡ್ಡಪ್ಪ ಎಲೆ ಅಡಿಕೆ ಒಂದು ಕಡೆಗೆ ಒತ್ತರಿಸಿದರು. "ಏಳನೇ ಕ್ಲಾಸ್ ಹುಡ್ಗುನ್ ಕೈಗೆ ಅಷ್ಟ್ ದೊಡ್ ಗಾಡಿ ಕೊಟ್ಟೋನು ನಾನು. ರಾತ್ರಿ ಒಂದ್ಸಲ ಮುಟ್ಟಿ ನೋಡ್ಬೇಕಿತ್ತು. ನೋಡ್ಲಿಲ್ಲ. ನಿಂಗೇನಂತ ಬೈಲಿ?"

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರೇ ಎದ್ದರು. "ಬಾ, ನಿನ್ ಕಾರಿಂದು ಬಿಗಿ ಐತಾ ನೋಡಾನ."

ಬಾನೆಟ್ ತೆಗೆದೆ. ಎಪ್ಪತ್ತು ದಾಟಿದ ಕೈ ಫಿಲ್ಟರ್ ಡಬ್ಬದಿಂದ ಟರ್ಬೊ ಕಡೆಗೆ ಹೋಗೋ ಪೈಪಿನ ಮೇಲೆ ಸರಿಯಿತು. ಒಂದೊಂದು ಕ್ಲಿಪ್ಪನ್ನೂ ಬೆರಳಲ್ಲಿ ಅಲ್ಲಾಡಿಸಿ ನೋಡಿದರು. "ಸರೀಗೈತೆ" ಅಂದರು.

ಅವತ್ತು ರಾತ್ರಿ ಅಂಗಡಿಯವನಿಗೆ ಮೆಸೇಜ್ ಹಾಕಿದೆ: "ಸದ್ಯಕ್ಕೆ ಬೇಡ ಬ್ರದರ್, ಥ್ಯಾಂಕ್ಸ್."

ಹಾಗಾದರೆ ನೀವು ಏನು ತಗೋಬೇಕು?

ಇಂಟೇಕ್ ಹಾಕಿಸೋರೆಲ್ಲ ದಡ್ಡರು ಅಂತ ನಾನು ಹೇಳ್ತಿಲ್ಲ. ಎಲ್ಲಿ ಓಡಿಸ್ತೀರಿ, ಯಾಕೆ ಬೇಕು ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ.

ಕಾರು ಪೂರ್ತಿ ಸ್ಟಾಕ್ ಇದ್ದು, ತಿಂಗಳಲ್ಲಿ ಎರಡು ಸಲ ಊರ ಕಡೆ ಮಣ್ಣು ರಸ್ತೆ ಕಾಣುತ್ತೆ ಅಂದ್ರೆ ಕಂಪನಿಯ ಕಾಗದದ ಫಿಲ್ಟರೇ ಸರಿ. ಆದರೆ ಸರ್ವಿಸ್ ಪುಸ್ತಕದಲ್ಲಿ ಬರೆದಿರೋ ಕಿಲೋಮೀಟರ್‌ವರೆಗೆ ಕಾಯಬೇಡಿ. ಧೂಳಿನ ಪ್ರದೇಶಕ್ಕೆ ಬೇಗ ಬದಲಾಯಿಸಿ ಅಂತ ಅದೇ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ. ಒಕ್ಕಣೆ ಸೀಸನ್ ಮುಗಿದ ಮೇಲೆ ನಾನು ಒಂದ್ಸಲ ಬದಲಾಯಿಸ್ತೀನಿ. ಕಂಪ್ರೆಸರ್ ಗಾಳಿ ಹೊಡೆದು ಮತ್ತೆ ಮತ್ತೆ ಅದನ್ನೇ ಹಾಕೋದು ಬೇಡ, ಕಾಗದದಲ್ಲಿ ಕಾಣದ ಸಣ್ಣ ತೂತು ಬೀಳುತ್ತೆ.

ಓಡಾಟ ಹೆಚ್ಚಾಗಿ ಬೆಂಗಳೂರು ಹೈವೇಯಲ್ಲೇ, ತೊಳೆದು ಬಳಸೋ ತಾಳ್ಮೆ ಇದೆ ಅಂದ್ರೆ ಒಳ್ಳೆಯ ಪ್ಯಾನಲ್ ಫಿಲ್ಟರ್ ಹಾಕಿಸ್ಕೊಳ್ಳಿ. ತೊಳೆದ ಮೇಲೆ ಎಣ್ಣೆ ಹಾಕುವಾಗ ಮಾತ್ರ ಕೈ ಬಿಗಿ ಇರಲಿ. ಎಷ್ಟೋ ಕಾರುಗಳಲ್ಲಿ ಗಾಳಿಯ ಪ್ರಮಾಣ ಅಳೆಯೋಕೆ ಕೂದಲೆಳೆಯಂಥ ಬಿಸಿ ತಂತಿಯ ಸೆನ್ಸರ್ ಇರುತ್ತೆ. ಹೆಚ್ಚಿನ ಎಣ್ಣೆ ಅದಕ್ಕೆ ಅಂಟಿದ್ರೆ ಅಳತೆ ತಪ್ಪುತ್ತೆ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹತ್ತುತ್ತೆ.

ಇಸಿಯು ರೀಮ್ಯಾಪ್ ಮಾಡಿಸಿ, ದೊಡ್ಡ ಟರ್ಬೊ ಅಥವಾ ಡೌನ್‌ಪೈಪ್ ಹಾಕಿಸೋರಿಗೆ ಲೆಕ್ಕವೇ ಬೇರೆ. ಅಲ್ಲಿ ಎಂಜಿನ್ ನಿಜವಾಗಿಯೂ ಹೆಚ್ಚು ಗಾಳಿ ಕೇಳುತ್ತೆ. ಮುಚ್ಚಿದ ಡಬ್ಬದ ಇಂಟೇಕ್‌ಗೆ ಅರ್ಥ ಬರೋದು ಆಗಲೇ. ರೀಮ್ಯಾಪ್ ಮೊದಲು, ಇಂಟೇಕ್ ಆಮೇಲೆ. ನಾವು ಮಾಡೋದು ಉಲ್ಟಾ.

ಬರೀ ಶಬ್ದಕ್ಕೋಸ್ಕರ ಬೇಕಾ? ಅದನ್ನು ಒಪ್ಪಿಕೊಳ್ಳೋಕೆ ನಾಚಿಕೆ ಬೇಡ. ನಾನು 42 ಸಾವಿರ ಕೊಡೋಕೆ ಹೊರಟಿದ್ದೂ ಅರ್ಧ ಅದಕ್ಕೇ. ಆದರೆ ಶಬ್ದ ಕೊಳ್ತಿದ್ದೀನಿ ಅಂತ ಗೊತ್ತಿದ್ದು ಕೊಳ್ಳಿ, ಪವರ್ ಅಂತ ನಂಬಿ ಅಲ್ಲ. ಮಳೆಗಾಲದ ನೀರು, ಎಂಜಿನ್ ಬಿಸಿ ಎರಡಕ್ಕೂ ಉತ್ತರ ಇರೋದನ್ನೇ ಆರಿಸಿ.

ಮೂರು ಕಾಗದದ ಕೆಲಸ ಮರೀಬೇಡಿ. ವಾರಂಟಿ ಇದ್ರೆ ಸರ್ವಿಸ್ ಸೆಂಟರಿನವರನ್ನು ಮೊದಲೇ ಕೇಳಿ, ಉತ್ತರ ಬರವಣಿಗೆಯಲ್ಲಿರಲಿ. ಇನ್ಶೂರೆನ್ಸ್ ಕಂಪನಿಗೆ ಮಾರ್ಪಾಡಿನ ವಿಷಯ ತಿಳಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ತಯಾರಕರ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಫಿಲ್ಟರ್ ಆರ್‌ಸಿಯಲ್ಲಿ ಇರಲ್ಲ, ನಿಜ. ಆದರೆ ಶಬ್ದ ಮತ್ತು ಹೊಗೆಯ ನಿಯಮ ಎಲ್ಲರಿಗೂ ಒಂದೇ.

ಕೊನೆಯದು, ಯಾವ ಫಿಲ್ಟರ್ ಹಾಕಿಸಿದ್ರೂ ಮಾಡಲೇಬೇಕಾದ್ದು. ಗ್ಯಾರೇಜಿನಿಂದ ಹೊರಡೋ ಮುಂಚೆ ಬಾನೆಟ್ ತೆಗೆಸಿ. ಫಿಲ್ಟರ್ ಡಬ್ಬದ ಮುಚ್ಚಳ ಸುತ್ತಲೂ ಸರಿಯಾಗಿ ಕೂತಿದೆಯಾ ನೋಡಿ. ಫಿಲ್ಟರಿನಿಂದ ಎಂಜಿನ್‌ವರೆಗಿನ ಪ್ರತಿ ಕ್ಲಿಪ್ಪನ್ನೂ ನಿಮ್ಮ ಕೈಯಿಂದ ಮುಟ್ಟಿ ನೋಡಿ. ಸಾವಿರ ಕಿಲೋಮೀಟರ್ ಆದಮೇಲೆ ಪೈಪಿನ ಒಳಗೆ ಬಿಳಿ ಬಟ್ಟೆಯಲ್ಲಿ ಒಂದ್ಸಲ ಒರೆಸಿ. ಬಟ್ಟೆ ಬಿಳಿಯಾಗಿದ್ರೆ ನಿಮ್ಮ ಆಯ್ಕೆ ಸರಿ.

ನನ್ನ ಬೋನಸ್ ಏನಾಯ್ತು ಅಂತ ಕೇಳ್ತೀರಾ? ಹೊಸ ಕಾಗದದ ಫಿಲ್ಟರ್, ಬೇಕಾಗಿದ್ದ ಎಂಜಿನ್ ಆಯಿಲ್, ಮತ್ತೆ ನಾಲ್ಕು ಒಳ್ಳೆಯ ಟೈರು. ದೇವರಾಯನದುರ್ಗದ ತಿರುವಿನಲ್ಲಿ ಈಗ ಕಾರು ಮೊದಲಿಗಿಂತ ಚೆನ್ನಾಗಿ ರಸ್ತೆ ಹಿಡಿಯುತ್ತೆ. ಹೆಂಡತಿ ಪಕ್ಕದ ಸೀಟಿನಲ್ಲಿ ನಿದ್ದೆ ಮಾಡ್ತಾಳೆ, ಎಚ್ಚರ ಆಗಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಕಾರು ನಿಲ್ಲಿಸೋ ಮುಂಚೆಯೇ ದೊಡ್ಡಪ್ಪ ಬಂದು ಬಾನೆಟ್ ಮೇಲೆ ಎರಡು ಸಲ ತಟ್ಟಿದರು. ತೆಗೆಯಲೇ ಅಂತ ಅರ್ಥ. ತೆಗೆದೆ.